ಆ ಲ್ಯಾಪ್‌ಟಾಪ್‌ಗೆ ಏನಾಗಿದೆ ಅಂತ ಮೊದಲು ಹೇಳ್ರಿ

ಇವತ್ತು ಸಂಜೆ ರಾಯಚೂರಿನ ತೀನ್ ಕಂದೀಲ್ ಹತ್ತಿರದ ಒಂದು ಕಂಪ್ಯೂಟರ್ ಅಂಗಡಿಗೆ ಪ್ರಿಂಟರ್ ಇಂಕ್ ತರೋಕೆ ಹೋಗಿದ್ದೆ. ಹೋಗಬಾರದಿತ್ತು. ಮನೆಗೆ ಬಂದು ಬಿಪಿ ಮಾತ್ರೆ ನುಂಗಿ ಇದನ್ನ ಬರೀತಿದ್ದೀನಿ.

ನನಗಿಂತ ಮುಂಚೆ ಮಾನ್ವಿ ಕಡೆಯ ಒಬ್ಬ ರೈತರು ನಿಂತಿದ್ದರು. ಜೊತೆಗೆ ಬಿ.ಎ. ಓದುವ ಮಗಳು. ಹತ್ತಿ ಮಾರಿಕೊಂಡು ಬಂದಿದ್ದರು ಅನ್ಸುತ್ತೆ, ಅಂಗಿ ತೋಳಿಗೆ ಇನ್ನೂ ಅರಳೆ ಅಂಟಿತ್ತು. ಹುಡುಗಿ ಕೈಯಲ್ಲಿ ಅವಳಣ್ಣ ಬಳಸಿ ಬಿಟ್ಟ ಲ್ಯಾಪ್‌ಟಾಪ್. ಆನ್ ಆಗುತ್ತೆ, ಪರದೆ ಚೆನ್ನಾಗಿದೆ, ಒಂದು ಕೀನೂ ಕಿತ್ತಿಲ್ಲ. ನಿಧಾನ ಅನ್ನೋದೊಂದು ತಕರಾರು. ಆಗಾಗ ಸಪೋರ್ಟ್ ಮುಗಿದಿದೆ ಅಂತ ಪರದೆ ಮೇಲೆ ಬರುತ್ತೆ ಅನ್ನೋದು ಇನ್ನೊಂದು. ಅಂಗಡಿಯವನು ಸ್ಟಿಕ್ಕರ್ ಕಡೆ ಒಂದು ಸಲ ನೋಡಿದ, ಅಷ್ಟೇ.

"ಇದು ಮುಗೀತ್ರಿ ಯಜಮಾನ್ರ. ವಿಂಡೋಸ್ ಹನ್ನೊಂದು ಹಾಕಾಕ ಬರಂಗಿಲ್ಲ. ಹೊಸಾದು ನಲವತ್ತೈದು ಸಾವಿರಕ್ಕ ಬರ್ತದ, ಇಎಂಐ ಮಾಡಿ ಕೊಡ್ತೀನಿ."

ಮುಗೀತಂತೆ! ಸಂತೆಯಲ್ಲಿ ಎತ್ತು ಮುದಿ ಆಯ್ತು ಅನ್ನೋ ದಲ್ಲಾಳಿ ಕೂಡ ಮೊದಲು ಬಾಯಿ ತೆಗೆಸಿ ಹಲ್ಲು ನೋಡ್ತಾನೆ.

ವಿಷಯ ಇಷ್ಟೇ. 2015ರಲ್ಲಿ ಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಸಪೋರ್ಟ್ ನಿಲ್ಲಿಸಿತು. 11 ಹಾಕಬೇಕಂದ್ರೆ ಟಿಪಿಎಂ 2.0 ಅನ್ನೋ ಸೆಕ್ಯುರಿಟಿ ಚಿಪ್ ಬೇಕು. ಇಂಟೆಲ್ ಆದ್ರೆ ಎಂಟನೇ ತಲೆಮಾರಿನ ಪ್ರೊಸೆಸರ್ ಅಥವಾ ಅದಕ್ಕಿಂತ ಹೊಸದು ಬೇಕು. ಹುಡುಗಿಯದು ಆರನೇ ತಲೆಮಾರು. ಆದರೆ ಆ ತಾರೀಖು ಲ್ಯಾಪ್‌ಟಾಪ್‌ಗೆ ಗೊತ್ತೇ ಇಲ್ಲವಲ್ಲ! 13ಕ್ಕೆ ಹೇಗೆ ನಡೀತಿತ್ತೋ 15ಕ್ಕೂ ಹಾಗೇ ನಡೀತು. ಒಂದು ವರ್ಷದ ವಾಯಿದೆಗೆ ಬೇರೆಯಾಗಿ ಹೆಸರು ಹಚ್ಚದಿದ್ರೆ ಸೆಕ್ಯುರಿಟಿ ಅಪ್‌ಡೇಟ್ ಬರಲ್ಲ, ಅದು ತೊಂದರೆನೇ, ಇಲ್ಲ ಅನ್ನಲ್ಲ. ಅದಕ್ಕೆ ಇನ್ನೊಂದು ದಾರಿ ಇದೆ ಅಂತ ಒಂದು ಮಾತು ಹೇಳಿದ್ರೆ ಅವನ ಗಂಟೇನು ಹೋಗ್ತಿತ್ತು? ಹೌದು, ನಲವತ್ತೈದು ಸಾವಿರದ ವ್ಯಾಪಾರ ಹೋಗ್ತಿತ್ತು.

ನನ್ನ ಲ್ಯಾಪ್‌ಟಾಪ್ ಕಥೆ ಕೇಳ್ರಿ, ಆ ಇನ್ನೊಂದು ದಾರಿ ಯಾವುದು ಅಂತ ಗೊತ್ತಾಗುತ್ತೆ. ಅದೂ ಇದೇ ವಯಸ್ಸಿನದು, 4 ಜಿಬಿ ರ‍್ಯಾಮ್. ಹೋದ ಬೇಸಿಗೆಯಲ್ಲಿ ವಿಂಡೋಸ್ ತೆಗೆದು ಅದರ ಜಾಗಕ್ಕೆ ಲಿನಕ್ಸ್ ಮಿಂಟ್ ಅನ್ನೋ ಪುಕ್ಕಟೆ ಆಪರೇಟಿಂಗ್ ಸಿಸ್ಟಂ ಹಾಕಿದೆ. ಮಿಂಟ್‌ನಲ್ಲೂ ಹಗುರವಾದ ಎಕ್ಸ್‌ಎಫ್‌ಸಿಇ ಅನ್ನೋ ಆವೃತ್ತಿ. ಕೆಳಗೆ ಎಡ ಮೂಲೆಯಲ್ಲಿ ಮೆನು, ಬಲಕ್ಕೆ ಗಡಿಯಾರ, ವಿಂಡೋಸ್ ಬಳಸಿದವರಿಗೆ ಹೊಸದು ಅನ್ನಿಸೋದೇ ಇಲ್ಲ. ಮೊದಲು ಪೆನ್‌ಡ್ರೈವ್‌ನಿಂದಲೇ ಓಡಿಸಿ ವೈಫೈ, ಸೌಂಡ್ ಎಲ್ಲ ನೋಡಿಕೊಂಡೆ. ಹಾಗೆ ನೋಡುವಾಗ ಒಳಗಿನ ಫೈಲ್‌ಗಳು ಇದ್ದ ಹಾಗೇ ಇರ್ತವೆ. ಇಷ್ಟ ಆಯ್ತು, ಫೋಟೋ, ಫೈಲ್ ಎಲ್ಲ ಬೇರೆ ಕಡೆ ಕಾಪಿ ಮಾಡಿಟ್ಟು ಇನ್‌ಸ್ಟಾಲ್ ಒತ್ತಿದೆ. ಗೆರೆ ಅರ್ಧ ದಾಟಿತ್ತು, ಕರೆಂಟ್ ಹೋಯ್ತು. ಬ್ಯಾಟರಿ ಸತ್ತು ವರ್ಷ ಆಗಿತ್ತು. ಪರದೆ ಕಪ್ಪು. ಕರೆಂಟ್ ತಯಾರಾಗೋ ಶಕ್ತಿನಗರ ಇಷ್ಟು ಹತ್ತಿರ ಇಟ್ಕೊಂಡು ನಮ್ಮ ಹಣೆಬರಹ ನೋಡ್ರಿ! ಏಪ್ರಿಲ್ ಸೆಕೆಯಲ್ಲಿ ಬನಿಯನ್ ಹಾಕ್ಕೊಂಡು ಒಂದು ತಾಸು ಆ ಕಪ್ಪು ಪರದೆ ಮುಂದೆ ಕೂತಿದ್ದೆ. ಕರೆಂಟ್ ಬಂದ ಮೇಲೆ ಮತ್ತೆ ಮೊದಲಿಂದ ಶುರು. ಅರ್ಧ ಗಂಟೆಗೆ ಮುಗೀತು.

ಅಸಲಿ ಪೆಟ್ಟು ಬಿದ್ದದ್ದು ಅದಾದ ಮೇಲೆ. ನನ್ನ ಹಳೇ ಪ್ರಶ್ನೆಪತ್ರಿಕೆಗಳೆಲ್ಲ ಕನ್ನಡ ಟೈಪ್ ಮಾಡೋ ತಂತ್ರಾಂಶ ನುಡಿಯ ಹಳೇ ಫಾಂಟ್‌ನಲ್ಲಿದ್ದವು, ಎಲ್ಲ ಕಂಪ್ಯೂಟರ್‌ಗೂ ಅರ್ಥ ಆಗೋ ಯೂನಿಕೋಡ್ ಅಲ್ಲ. ತೆರೆದು ನೋಡಿದರೆ "ದ್ಯುತಿಸಂಶ್ಲೇಷಣೆ ಎಂದರೇನು?" ಇರಬೇಕಾದ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳು ತಲೆ ಮೇಲೆ ಚುಕ್ಕಿ, ಕೊಂಬು, ಟೋಪಿ ಹಾಕ್ಕೊಂಡು ನಿಂತಿವೆ. ಅವತ್ತು ರಾತ್ರಿ ವಾಪಸ್ ವಿಂಡೋಸ್‌ಗೆ ಹೋಗಿಬಿಡೋಣ ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಗೊತ್ತಾಯ್ತು, ಆ ಫಾಂಟ್ ಇಲ್ಲದ ವಿಂಡೋಸ್‌ನಲ್ಲೂ ಅದು ಹಾಗೇ ಕಾಣೋದು. ಎಲ್ಲವನ್ನೂ ಯೂನಿಕೋಡ್‌ಗೆ ಬದಲಾಯಿಸಿದೆ. ಕೆಲವು ಒತ್ತಕ್ಷರಗಳನ್ನ ಕೈಯಿಂದಲೇ ತಿದ್ದಿದೆ. ಈಗ ಲಿನಕ್ಸ್‌ನ ಟೈಪಿಂಗ್ ಸಾಧನ ಐಬಸ್‌ನಲ್ಲಿ ನುಡಿಯದ್ದೇ ಜೋಡಣೆಯ ಕೆಜಿಪಿ ಕೀಲಿಮಣೆ ಇಟ್ಕೊಂಡಿದ್ದೀನಿ. ನುಡಿಗೆ ಒಗ್ಗಿದ ಬೆರಳು ತಾವಾಗೇ ಓಡ್ತವೆ.

ಇನ್ನೊಂದು ವಿಷಯ, ಇದನ್ನ ಹೆಂಡತಿಗೂ ಹೇಳಿರಲಿಲ್ಲ. ಇದಕ್ಕಿಂತ ಮುಂಚೆ ನಾನು ಬಳಸಿದ್ದ ವಿಂಡೋಸ್ ಕದ್ದದ್ದು, ಲೈಸೆನ್ಸ್ ಇಲ್ಲದ್ದು. ಹತ್ತು ವರ್ಷ. ಹತ್ತನೇ ಕ್ಲಾಸಿನ ಪರೀಕ್ಷಾ ಹಾಲ್‌ನಲ್ಲಿ ಕಾಪಿ ಹೊಡೆಯೋರನ್ನ ಹಿಡೀತಿದ್ದ ಇದೇ ಮೇಷ್ಟ್ರು. ಪ್ರೊಜೆಕ್ಟರ್ ಹಾಕಿದಾಗಲೆಲ್ಲ ಬಲ ಮೂಲೆಯಲ್ಲಿ "ಆಕ್ಟಿವೇಟ್ ವಿಂಡೋಸ್" ಅಂತ ಬರೋದು. ಒಬ್ಬ ಹುಡುಗ "ಸರ್, ಅದೇನ್ರಿ?" ಅಂದಿದ್ದ. ಗದರಿಸಿ ಕೂರಿಸಿದ್ದೆ.

ಸರಿ, ಅಂಗಡಿಗೆ ಬರೋಣ. ನಾನು ಮಧ್ಯೆ ಬಾಯಿ ಹಾಕಿದೆ. ಅಂಗಡಿಯವನಿಗೆ ಸಿಟ್ಟು ಬಂತು. "ಸರ, ಲಿನಕ್ಸ್ ಎಲ್ಲಾ ಇಂಜಿನಿಯರ್ ಮಂದಿಗ್ರಿ. ಅದ್ರಾಗ ಟ್ಯಾಲಿ ನಡಿಯಂಗಿಲ್ಲ, ಫೋಟೋಶಾಪ್ ನಡಿಯಂಗಿಲ್ಲ." ಮಾತು ನಿಜ, ಅವನ್ನ ನೇರವಾಗಿ ಹಾಕೋಕೆ ಬರಲ್ಲ. ಆಡಿಟರ್ ಆಫೀಸಿನವರು, ಸ್ಟುಡಿಯೋದವರು ಬಂದು ಕೇಳಿದ್ರೆ ನಾನೇ ಬೇಡ ಅಂತೀನಿ. ಆದರೆ ಬಿ.ಎ. ಕನ್ನಡ ಓದೋ ಹುಡುಗಿಗೆ ಟ್ಯಾಲಿ ಯಾಕಪ್ಪಾ? ಅವಳನ್ನೇ ಕೇಳಿದೆ, ಏನೇನು ಮಾಡ್ತೀಯವ್ವ ಅಂತ. ನೋಟ್ಸ್ ಟೈಪ್ ಮಾಡೋದು, ಸ್ಕಾಲರ್‌ಶಿಪ್ ಅರ್ಜಿ ಹಾಕೋದು, ಯೂಟ್ಯೂಬ್‌ನಲ್ಲಿ ಪಾಠ ನೋಡೋದು. ಇಷ್ಟಕ್ಕೆ ಒಂದು ಬ್ರೌಸರ್, ಟೈಪ್ ಮಾಡೋಕೆ ಪುಕ್ಕಟೆ ಸಿಗೋ ಒಂದು ಲಿಬ್ರೆಆಫೀಸ್ ಸಾಕು. ಇನ್ನು ಇಂಜಿನಿಯರ್ ಮಂದಿ ಮಾತು. ಕೇರಳದ ಸರಕಾರಿ ಶಾಲೆ ಮಕ್ಕಳು ಎಷ್ಟೋ ವರ್ಷದಿಂದ ಲಿನಕ್ಸ್‌ನಲ್ಲೇ ಕಂಪ್ಯೂಟರ್ ಕಲೀತಿದ್ದಾರೆ. ಅವರೆಲ್ಲ ಯಾವ ಇಂಜಿನಿಯರಿಂಗ್ ಕಾಲೇಜಿಗೆ ಹೋಗಿ ಬಂದಿದ್ರೋ ನಾ ಕಾಣೆ.

ಒಂದು ಮಾತು ಮಾತ್ರ ಮುಚ್ಚಿಡಲ್ಲ. ಬರೀ ಮಿಂಟ್‌ನಿಂದ ನನ್ನ ಯಂತ್ರ ಓಡ್ತಿಲ್ಲ. ಹಳೇ ಹಾರ್ಡ್‌ಡಿಸ್ಕ್ ತೆಗೆಸಿ ಅದಕ್ಕಿಂತ ವೇಗದ ಎಸ್ಎಸ್‌ಡಿ ಡಿಸ್ಕ್ ಹಾಕಿಸಿದ ಮೇಲೇ ಅದಕ್ಕೆ ಜೀವ ಬಂದದ್ದು. ಆ ಖರ್ಚು ಹೊಸ ಲ್ಯಾಪ್‌ಟಾಪ್‌ನ ಒಂದೆರಡು ಕಂತು ಆಗಬಹುದು. ಅದನ್ನ ಹಾಕಿಕೊಟ್ಟಿದ್ರೂ ಅಂಗಡಿಯವನಿಗೆ ನಾಲ್ಕು ಕಾಸು ಸಿಗ್ತಿತ್ತು. ಅದೂ ಬೇಡವಾಗಿತ್ತು ಆ ಪುಣ್ಯಾತ್ಮನಿಗೆ.

ಯಜಮಾನರು ಆತನ ಮುಖ ನೋಡಿದರು, ನನ್ನ ಮುಖ ನೋಡಿದರು. ಜೇಬಿನ ಮೇಲಿಟ್ಟ ಕೈ ಮಾತ್ರ ತೆಗೀಲಿಲ್ಲ. "ಸರ, ನಿಮ್ ಮನಿ ಎಲ್ಲಿ ಬರ್ತದ್ರಿ?" ಅಂದರು.

ಭಾನುವಾರ ಬರ್ತಿದ್ದಾರೆ. ಚಾರ್ಜರ್ ಮರೀಬೇಡವ್ವ ಅಂತ ಹುಡುಗಿಗೆ ಎರಡು ಸಲ ಹೇಳಿದ್ದೀನಿ. ಇಂಕ್ ತರೋದು ಮಾತ್ರ ಮರೆತೇ ಹೋಯ್ತು. ಇನ್ನು ಆ ಅಂಗಡಿಗೆ ಯಾವ ಮುಖ ಇಟ್ಕೊಂಡು ಹೋಗಲಿ?