ಅತ್ತಿಗೆಯ ಬಿ.ಪಿ. ನೋಡಿದವರು ಯಾರೂ ಇರಲಿಲ್ಲ

ಕಳೆದ ಎರಡು ವರ್ಷಗಳಲ್ಲಿ ನಮ್ಮ ಅತ್ತಿಗೆ ಮರೆವಿನ ಕಾಯಿಲೆಯಿರುವ ನಮ್ಮ ತಂದೆಯವರನ್ನು ಕರೆದುಕೊಂಡು ಆಸ್ಪತ್ರೆಗೆ ಹೋದದ್ದು ಇಪ್ಪತ್ತಕ್ಕೂ ಹೆಚ್ಚು ಸಲ. ಪ್ರತಿ ಸಲವೂ ತಂದೆಯವರ ತೂಕ, ರಕ್ತದೊತ್ತಡ, ಸಕ್ಕರೆ ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಟ್ಟರು. ಪಕ್ಕದ ಕುರ್ಚಿಯಲ್ಲಿ ಔಷಧಿಯ ಚೀಲ ಹಿಡಿದು ಕುಳಿತಿದ್ದವರ ತೋಳಿಗೆ ಮಾತ್ರ ಆ ಬಿ.ಪಿ. ಪಟ್ಟಿಯನ್ನು ಯಾರೂ ಸುತ್ತಲಿಲ್ಲ. ಹೋದ ಶ್ರಾವಣದಲ್ಲಿ ಅವರು ಒಲೆಯ ಮುಂದೆ ತಲೆ ಸುತ್ತಿ ಕುಸಿದಾಗಲೇ ಅವರ ಒತ್ತಡ 180 ದಾಟಿರುವುದು ನಮಗೆ ತಿಳಿದದ್ದು. ಆಸ್ಪತ್ರೆಯವರನ್ನು ದೂರುವುದಕ್ಕೆ ಮೊದಲು, ಬಿಲ್ಲು ಕಟ್ಟಿದರೆ ಮಗನ ಕರ್ತವ್ಯ ಮುಗಿಯಿತೆಂದುಕೊಂಡಿದ್ದ ನನ್ನನ್ನೇ ನಾನು ದೂರಿಕೊಳ್ಳಬೇಕು.

ತಂದೆಯವರು ದಾವಣಗೆರೆಯ ಮಂಡಿಪೇಟೆಯ ಒಂದು ದಲಾಲಿ ಅಂಗಡಿಯಲ್ಲಿ 38 ವರ್ಷ ಗುಮಾಸ್ತರಾಗಿದ್ದವರು. ಅವರಿಗೆ ಮೊದಲು ಮರೆತದ್ದು ಯಾರ ಹೆಸರೂ ಅಲ್ಲ, ಲೆಕ್ಕ. ಹಾಲಿನವನಿಗೆ ಒಂದೇ ತಿಂಗಳಲ್ಲಿ ಎರಡು ಸಲ ದುಡ್ಡು ಕೊಟ್ಟರು, ಮೂರನೆಯ ಸಲ ಕೊಟ್ಟೇ ಇಲ್ಲವೆಂದು ತಾವೇ ಹೋಗಿ ಕ್ಷಮೆ ಕೇಳಿ ಬಂದರು. ಬಂಧುಗಳು ‘ಅರವತ್ತಕ್ಕೆ ಅರಳುಮರಳು’ ಎಂದು ನಕ್ಕರು. ನಾವು ಮೊದಲು ತೋರಿಸಿದ ವೈದ್ಯರೂ ಅದನ್ನೇ ಸ್ವಲ್ಪ ಮರ್ಯಾದೆಯ ಮಾತಿನಲ್ಲಿ ಹೇಳಿ ಕಳುಹಿಸಿದರು. ‘ಅರಳುಮರಳು’ ಎಂಬ ಆ ಒಂದು ಪದದಿಂದ ನಮಗೆ ಒಂದೂವರೆ ವರ್ಷ ನಷ್ಟವಾಯಿತು. ಮರೆವಿನ ಹಿಂದೆ ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ, ಬಿದ್ದು ತಲೆಗೆ ಪೆಟ್ಟಾಗಿ ಒಳಗೆ ಕಟ್ಟಿಕೊಂಡ ರಕ್ತ, ಹೀಗೆ ಚಿಕಿತ್ಸೆಗೆ ಬಗ್ಗುವ ಕಾರಣಗಳೂ ಇರಬಹುದೆಂಬುದು ಆಮೇಲೆ ತಿಳಿಯಿತು. ಸಸ್ಯಾಹಾರಿ ಮನೆಗಳೇ ತುಂಬಿರುವ ನಮ್ಮ ಬೀದಿಯಲ್ಲಿ ಬಿ12 ಪರೀಕ್ಷೆಯನ್ನಾದರೂ ಕೇಳಿ ಮಾಡಿಸಿಕೊಳ್ಳಬೇಕು. ನಮ್ಮ ತಂದೆಯವರದು ಅಂಥದ್ದಲ್ಲ, ಮೆದುಳು ನಿಧಾನವಾಗಿ ಕ್ಷೀಣಿಸುತ್ತಾ ಹೋಗುವ ಅಲ್ಝೈಮರ್ ಕಾಯಿಲೆ ಎಂದು ಕೊನೆಗೆ ನಿರ್ಧಾರವಾಯಿತು.

ಸಂಜೆ ಐದಾದರೆ ಅವರಿಗೆ ಚಡಪಡಿಕೆ ಶುರುವಾಗುತ್ತದೆ. ಹೊತ್ತು ಇಳಿಯುವಾಗ ಗೊಂದಲ ಹೆಚ್ಚುವುದು ಈ ಕಾಯಿಲೆಯ ಲಕ್ಷಣವೇ. ಅಂಗಿ ಹಾಕಿಕೊಂಡು, ಟೋಪಿ ಇಟ್ಟುಕೊಂಡು ಬಾಗಿಲಲ್ಲಿ ನಿಂತು, ಅಂಗಡಿಯ ಬೀಗದ ಕೈ ಎಲ್ಲಿ ಎಂದು ಗದರುತ್ತಾರೆ. ಅಂಗಡಿ ಬಿಟ್ಟು ಎಷ್ಟು ವರ್ಷವಾಯಿತೆಂದು ನಾನು ವಾದಕ್ಕೆ ಇಳಿದ ದಿನಗಳಲ್ಲಿ ಅವರು ಕೈ ಎತ್ತಿದ್ದೂ ಉಂಟು. ಅತ್ತಿಗೆ ವಾದ ಮಾಡುವುದಿಲ್ಲ. ‘ಮಾವಾರೆ, ಇವತ್ತಿನ ಜಮಾ-ಖರ್ಚು ಒಂದೀಟು ಬರದು ಹೋಗ್ರಿ’ ಎಂದು ಒಂದು ಹಳೆಯ ರೋಕಡಿ ಪುಸ್ತಕವನ್ನು ಅವರ ಮುಂದಿಡುತ್ತಾರೆ. ತಂದೆಯವರು ಕನ್ನಡಕ ಒರೆಸಿಕೊಂಡು ಕುಳಿತು ಅಂಕಿಗಳನ್ನು ಒಂದರ ಕೆಳಗೊಂದು ನೇರವಾಗಿ ಬರೆಯುತ್ತಾ ಹೋಗುತ್ತಾರೆ. ಮೊತ್ತ ಒಂದು ದಿನವೂ ತಾಳೆಯಾಗುವುದಿಲ್ಲ, ಆದರೆ ಆ ಮುಕ್ಕಾಲು ಗಂಟೆಯಲ್ಲಿ ಅತ್ತಿಗೆ ದೀಪ ಹಚ್ಚಿ ರೊಟ್ಟಿ ಬಡಿದು ಮುಗಿಸುತ್ತಾರೆ. ಇದನ್ನು ಅವರಿಗೆ ಯಾವ ತರಬೇತಿಯಲ್ಲೂ ಕಲಿಸಿದ್ದಲ್ಲ.

ಇಂಥ ಮನೆಗಳು ಎಷ್ಟಿರಬಹುದು? 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದು, ನಮ್ಮ ದೇಶದ ಅರವತ್ತು ದಾಟಿದವರಲ್ಲಿ ಶೇ. 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ, ಡಿಮೆನ್ಷಿಯಾ (ಅಲ್ಝೈಮರ್‌ನಂಥ ಕಾಯಿಲೆಗಳಿಂದ ನೆನಪು, ಯೋಚನಾಶಕ್ತಿ ಕುಂದುವ ಸ್ಥಿತಿ) ಇದೆ ಎಂದು ಅಂದಾಜಿಸಿತು. ಸಾವಿರ ಹಿರಿಯರಿರುವ ಕಡೆ ಎಪ್ಪತ್ತನಾಲ್ಕು ಮಂದಿ ಎಂದಾಯಿತು. ಅಷ್ಟು ಮನೆಗಳಲ್ಲಿಯೂ ಒಬ್ಬ ಅತ್ತಿಗೆಯೋ ಮಗಳೋ ಹೆಂಡತಿಯೋ ಇದ್ದೇ ಇರುತ್ತಾರೆ. ಈ ಕಾಯಿಲೆಯವರ ಆರೈಕೆಯ ಗಂಟೆಗಳಲ್ಲಿ ಶೇ. 70ರಷ್ಟು ಹೆಂಗಸರದೇ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2024ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗವು ಡಿಮೆನ್ಷಿಯಾಕ್ಕೆ ದಾರಿಮಾಡುವ, ಆದರೆ ತಡೆಯಬಹುದಾದ 14 ಅಂಶಗಳನ್ನು ಪಟ್ಟಿಮಾಡಿದೆ. ಮಧ್ಯವಯಸ್ಸಿನ ರಕ್ತದೊತ್ತಡ ಅದರಲ್ಲೊಂದು, ಜನರ ಒಡನಾಟವಿಲ್ಲದೆ ಒಂಟಿಯಾಗುವುದು ಮತ್ತೊಂದು. ಮಾವನನ್ನು ನೋಡಿಕೊಳ್ಳುತ್ತಾ ನಾಲ್ಕು ವರ್ಷದಿಂದ ತವರಿಗೂ ಹೋಗದ, ಒತ್ತಡದ ಮಾತ್ರೆಯೂ ಇಲ್ಲದ ನಮ್ಮ ಅತ್ತಿಗೆಗೆ ಎರಡೂ ಇದ್ದವು.

ಸರ್ಕಾರ ಏನೂ ಮಾಡಿಲ್ಲವೆಂದು ನಾನು ಹೇಳುವುದಿಲ್ಲ. ಆಶಾ ಕಾರ್ಯಕರ್ತೆಯರು ಮನೆಮನೆಯಲ್ಲಿ ತುಂಬಿಸುವ ಬಿ.ಪಿ., ಸಕ್ಕರೆ ಕಾಯಿಲೆಗಳ ತಪಾಸಣೆಯ ನಮೂನೆಯಲ್ಲಿ ಅರವತ್ತು ದಾಟಿದವರಿಗೆಂದೇ ಕೆಲವು ಪ್ರಶ್ನೆಗಳಿವೆ. ಹತ್ತಿರದವರ ಹೆಸರು ಅಥವಾ ಸ್ವಂತ ಮನೆಯ ವಿಳಾಸ ಮರೆಯುತ್ತದೆಯೇ ಎಂಬುದು ಅವುಗಳಲ್ಲಿ ಒಂದು. 2022ರಲ್ಲಿ ರಾಜ್ಯ ಸರ್ಕಾರವು ನಿಮ್ಹಾನ್ಸ್ ಜೊತೆಗೂಡಿ ತಲೆನೋವು, ಅಪಸ್ಮಾರ, ಪಾರ್ಶ್ವವಾಯು, ಡಿಮೆನ್ಷಿಯಾಗಳಿಗಾಗಿ ಮೆದುಳು ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿ, ಮೊದಲಿಗೆ ಕೋಲಾರ, ಚಿಕ್ಕಬಳ್ಳಾಪುರದಂಥ ಕಡೆ ಕ್ಲಿನಿಕ್ ತೆರೆಯಿತು. ಜಿಲ್ಲಾ ಆಸ್ಪತ್ರೆಯ ವೈದ್ಯರಿಗೇ ತರಬೇತಿ ಕೊಡುವ ಆ ಯೋಚನೆ ಸರಿಯಾದದ್ದು. ಕೈಹಿಡಿದವರನ್ನೇ ಗುರುತಿಸದ ವೃದ್ಧರನ್ನು ರಾತ್ರಿಯ ರೈಲಿನಲ್ಲಿ ಬೆಂಗಳೂರಿಗೆ ಕರೆದೊಯ್ದವರಿಗೆ ಅದರ ಬೆಲೆ ಗೊತ್ತು. ನನ್ನ ತಕರಾರು ಇಷ್ಟೇ: ನಮೂನೆಯಲ್ಲಿ ಮರೆವಿನ ಪ್ರಶ್ನೆಗೆ ‘ಹೌದು’ ಎಂದು ಗುರುತು ಹಾಕಿದ ಕೂಡಲೇ, ಇವರನ್ನು ನೋಡಿಕೊಳ್ಳುವವರು ಯಾರು, ಅವರ ಬಿ.ಪಿ. ಎಷ್ಟು, ಅವರು ರಾತ್ರಿ ಎಷ್ಟು ಗಂಟೆ ಮಲಗುತ್ತಾರೆ ಎಂಬುದನ್ನೂ ಅಲ್ಲೇ ಬರೆದುಕೊಳ್ಳಬೇಕು. ಬಿ.ಪಿ. ಅಳೆಯುವ ಯಂತ್ರ ಹೇಗೂ ಉಪಕೇಂದ್ರದಲ್ಲಿ ಇದ್ದೇ ಇರುತ್ತದೆ.

ಇದಕ್ಕಿಂತ ದೊಡ್ಡ ಕೊರತೆ ಬಿಡುವಿನದು. ಆರೈಕೆ ಮಾಡುವವರಿಗೆ ವಾರಕ್ಕೆ ನಾಲ್ಕು ಗಂಟೆ ಬಿಡುವು ಸಿಗಬೇಕಾದರೆ, ಆ ನಾಲ್ಕು ಗಂಟೆ ಹಿರಿಯರು ಕುಳಿತುಕೊಳ್ಳಲು ಊರಲ್ಲಿ ಒಂದು ಜಾಗ ಬೇಕು. ಬೆಂಗಳೂರಿನಲ್ಲಿ ಅಂಥ ಹಗಲು ಆರೈಕೆ ಕೇಂದ್ರಗಳಿವೆ. ನಮ್ಮೂರಿನಲ್ಲಿ ಕಲ್ಯಾಣ ಮಂಟಪಗಳಿಗೇನೂ ಬರವಿಲ್ಲ, ಆಷಾಢ ಬಂದರೆ ಅವು ಖಾಲಿ ಹೊಡೆಯುತ್ತವೆ. ಎರಡು ವೈದ್ಯಕೀಯ ಕಾಲೇಜುಗಳೂ ಹಲವು ನರ್ಸಿಂಗ್ ಕಾಲೇಜುಗಳೂ ಇರುವ ಊರಿಗೆ ಒಂದು ವಿಶಾಲ ಕೋಣೆ, ಜಾರದ ನೆಲ, ಹಿಡಿಕೆಯಿರುವ ಶೌಚಾಲಯ ಮತ್ತು ವಾರಕ್ಕೊಮ್ಮೆ ನಾಲ್ಕು ವಿದ್ಯಾರ್ಥಿಗಳನ್ನು ಹೊಂದಿಸಿಕೊಳ್ಳುವುದು ಶಕ್ತಿ ಮೀರಿದ ಕೆಲಸವಲ್ಲ.

ಬೀದಿಯ ಜನ ಬಹಳ ಮಾಡುತ್ತಾರೆ, ಅದನ್ನೂ ಹೇಳಲೇಬೇಕು. ಒಂದು ಸಂಜೆ ತಂದೆಯವರು ನಮ್ಮ ಕಣ್ಣು ತಪ್ಪಿಸಿ ಹೊರಟು ಹರಿಹರದ ಬಸ್ಸು ಹತ್ತಿದ್ದಾಗ, ಟಿಕೆಟ್ ಕೇಳಿದ ಕಂಡಕ್ಟರ್‌ಗೆ ಅವರು ‘ಮಾಲೀಕರ ಖಾತೆಗೆ ಬರ್ಕೊಳಪ್ಪ’ ಎಂದರಂತೆ. ಆತ ನಗಲಿಲ್ಲ, ಬೈಯಲಿಲ್ಲ. ಅಂಗಿಯ ಜೇಬಿನಲ್ಲಿ ಅತ್ತಿಗೆ ಹೊಲಿದಿದ್ದ ಬಟ್ಟೆಯ ಚೀಟಿಯ ನಂಬರಿಗೆ ಫೋನ್ ಮಾಡಿ, ನಾವು ಹೋಗುವವರೆಗೂ ನಿಲ್ದಾಣದ ಚಹಾದಂಗಡಿಯಲ್ಲಿ ಕೂರಿಸಿದ್ದ. ಆತನಿಗೆ ಹೊಳೆದದ್ದು ಆಟೋದವರಿಗೂ, ಬ್ಯಾಂಕಿನವರಿಗೂ, ಪೊಲೀಸರಿಗೂ ಹೊಳೆಯುವಂತೆ ಮಾಡಲು ಒಂದು ಮಧ್ಯಾಹ್ನದ ತರಬೇತಿ ಸಾಕು.

ತೀರಾ ದಿಕ್ಕು ತೋಚದವರು ಹಿರಿಯ ನಾಗರಿಕರ ಸಹಾಯವಾಣಿ 14567ಕ್ಕೆ ಫೋನ್ ಮಾಡಬಹುದು. ಆರೈಕೆ ಮಾಡಿ ಮಾಡಿ ಮನಸ್ಸು ಕುಸಿದವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲಿಯೇ ಮಾತನಾಡಬಹುದು.

ಆಶಾ ನಮೂನೆಯಲ್ಲಿ ಆರೈಕೆದಾರರಿಗೆ ಒಂದು ಸಾಲು ಬೇಕು, ಊರಿಗೊಂದು ಹಗಲು ಆರೈಕೆಯ ಜಾಗ ಬೇಕು ಎಂದು ಆರೋಗ್ಯ ಇಲಾಖೆಗೆ ಕೊಡಲು ಒಂದು ಮನವಿ ಬರೆದಿಟ್ಟಿದ್ದೇನೆ. ದಾವಣಗೆರೆಯಲ್ಲಿರುವ ಸ್ನೇಹಿತರು ಮನೆಗೆ ಬಂದು ಸಹಿ ಹಾಕಬಹುದು, ಮೊದಲ ಸಹಿ ಅತ್ತಿಗೆಯವರದು. ಸಂಜೆ ಐದರಿಂದ ಆರರವರೆಗೆ ಮಾತ್ರ ದಯವಿಟ್ಟು ಬರಬೇಡಿ, ಆ ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ಲೆಕ್ಕ ನಡೆಯುತ್ತಿರುತ್ತದೆ.