ಈಜಿಪುರದ ಹದಿನೈದು ಎಕರೆ

2013ರ ಜನವರಿಯಲ್ಲಿ ಬೆಂಗಳೂರಿನ ಕೋರಮಂಗಲಕ್ಕೆ ಅಂಟಿಕೊಂಡಿರುವ ಈಜಿಪುರದ ಇಡಬ್ಲ್ಯೂಎಸ್ (ಆರ್ಥಿಕವಾಗಿ ದುರ್ಬಲ ವರ್ಗದವರ) ಕ್ವಾರ್ಟರ್ಸ್‌ ಮೇಲೆ ಜೆಸಿಬಿಗಳು ಹರಿದಾಗ ನಾನು ಅದೇ ರಸ್ತೆಯಲ್ಲಿ ದಿನವೂ ಕೆಲಸಕ್ಕೆ ಹೋಗಿಬರುತ್ತಿದ್ದೆ. ಮನೆ ಕಳೆದುಕೊಂಡವರಲ್ಲಿ ಹಲವರು ಆ ಜಾಗದ ಬೇಲಿಗೆ ಒತ್ತಿಕೊಂಡೇ ಫುಟ್‌ಪಾತಿನ ಮೇಲೆ ಟಾರ್ಪಾಲು ಕಟ್ಟಿಕೊಂಡು ವರ್ಷಗಟ್ಟಲೆ ಬದುಕಿದರು. ಸರ್ಕಾರಿ ಜಮೀನಿನಲ್ಲಿ ಬಡವರಿಗೆ ಮನೆ ಕಟ್ಟುವ ಮಾತು ಬಂದಾಗಲೆಲ್ಲ ನನ್ನ ಕಣ್ಣಿಗೆ ಬರುವುದು ಆ ಬೇಲಿ.

ಅಲ್ಲಿದ್ದದ್ದು ಹದಿನೈದೂವರೆ ಎಕರೆಗೂ ಸ್ವಲ್ಪ ಹೆಚ್ಚು ಸಾರ್ವಜನಿಕ ಭೂಮಿ. ತೊಂಬತ್ತರ ದಶಕದ ಮೊದಲಿಗೆ ಅದರಲ್ಲಿ 42 ಬ್ಲಾಕ್‌ಗಳಾಗಿ 1,512 ಮನೆಗಳನ್ನು ಕಟ್ಟಲಾಯಿತು. ಕಟ್ಟಡಗಳು ಎರಡು ದಶಕವೂ ಬಾಳಲಿಲ್ಲ. ಶಿಥಿಲವಾಗಿ ಕುಸಿದ ಬ್ಲಾಕ್‌ಗಳ ಜಾಗದಲ್ಲಿ ತಗಡಿನ ಶೆಡ್‌ಗಳು ಬಂದವು. ಆ ಬಳಿಕ ಖಾಸಗಿ ಸಹಭಾಗಿತ್ವದ ಯೋಜನೆ ಬಂತು: ಜಮೀನಿನ ಸುಮಾರು ಅರ್ಧದಲ್ಲಿ ಮೂಲ ಹಂಚಿಕೆದಾರರಿಗೆ ಮನೆ, ಉಳಿದರ್ಧದಲ್ಲಿ ವಾಣಿಜ್ಯ ಕಟ್ಟಡ. ಮೂಲ ಹಂಚಿಕೆದಾರರಿಂದ ಬಾಡಿಗೆಗೆ ಪಡೆದು, ಅಥವಾ ಕೈಬದಲಾದ ಮನೆಗಳಲ್ಲಿ, ಅಲ್ಲಿಯೇ ಸಂಸಾರ ಕಟ್ಟಿಕೊಂಡಿದ್ದವರಿಗೆ ಆ ಲೆಕ್ಕದಲ್ಲಿ ಜಾಗವೇ ಇರಲಿಲ್ಲ. ಒಂದಷ್ಟು ಕುಟುಂಬಗಳಿಗೆ ಸರ್ಜಾಪುರ ರಸ್ತೆಯ ಕಡೆಯ ಸೂಲಿಕುಂಟೆಯಲ್ಲಿ ಮನೆ ಸಿಕ್ಕಿತು. ಕೋರಮಂಗಲದ ಮನೆಗಳಲ್ಲಿ ಬೆಳಗ್ಗೆ ಆರಕ್ಕೆ ಪಾತ್ರೆ ತೊಳೆಯಲು ನಿಲ್ಲಬೇಕಾದ ಹೆಂಗಸಿಗೆ ಅಲ್ಲಿಂದ ಬರುವುದೆಂದರೆ, ಬಸ್ಸಿನ ಖರ್ಚು ಹಾಗಿರಲಿ, ಅಷ್ಟು ಹೊತ್ತಿಗೆ ಬಸ್ಸು ಸಿಗುವುದೇ ಒಂದು ಪ್ರಶ್ನೆ.

ಇದೇ ಈಜಿಪುರದ ಮಗ್ಗುಲಲ್ಲಿಯೇ, ಅದೇ ದಶಕದಲ್ಲಿ, 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ನ್ಯಾಷನಲ್ ಗೇಮ್ಸ್ ವಿಲೇಜ್ ಎದ್ದಿತು. ಅದೂ ಸರ್ಕಾರಿ ಸಂಸ್ಥೆ ಕಟ್ಟಿದ್ದೇ. ಅಲ್ಲಿ ಇಂದಿಗೂ ಜನ ವಾಸವಿದ್ದಾರೆ. ಸರ್ಕಾರಕ್ಕೆ ಕಟ್ಟಲು ಬರುವುದಿಲ್ಲ ಎಂಬ ಮಾತನ್ನು ಆದ್ದರಿಂದ ನಾನು ಒಪ್ಪಲಾರೆ. ಯಾರಿಗಾಗಿ ಕಟ್ಟುತ್ತಿದ್ದೇವೆ ಎಂಬುದರ ಮೇಲೆ ಸಿಮೆಂಟಿನ ಪ್ರಮಾಣವೂ ಮೇಲ್ವಿಚಾರಣೆಯ ಕಣ್ಣೂ ಬದಲಾಗುತ್ತವೆ ಎಂಬುದು ನನ್ನ ನೋವು.

ಬೆಂಗಳೂರಿನಂಥ ಊರಿನಲ್ಲಿ ಮನೆಯ ಬೆಲೆಯ ದೊಡ್ಡ ಪಾಲು ಇಟ್ಟಿಗೆ, ಕಬ್ಬಿಣ, ಕೂಲಿಗೆ ಹೋಗುವುದಿಲ್ಲ, ನೆಲಕ್ಕೆ ಹೋಗುತ್ತದೆ. ನೆಲ ಮೊದಲೇ ಸಾರ್ವಜನಿಕರದ್ದಾಗಿದ್ದರೆ, ಕಟ್ಟುವ ಖರ್ಚು ಮತ್ತು ನಿರ್ವಹಣೆಯ ಖರ್ಚನ್ನಷ್ಟೇ ಬಾಡಿಗೆಯಲ್ಲಿ ತುಂಬಿಕೊಂಡರೆ ಸಾಕು. ಸಿಂಗಪುರ 1960ರಲ್ಲಿ ವಸತಿ ಮಂಡಳಿ ಸ್ಥಾಪಿಸಿ, ನೆಲದ ಒಡೆತನವನ್ನು ತಾನೇ ಇಟ್ಟುಕೊಂಡು 99 ವರ್ಷಗಳ ಗುತ್ತಿಗೆಯ ಮೇಲೆ ಮನೆ ಕೊಟ್ಟಿದ್ದರಿಂದಲೇ ಇಂದು ಅಲ್ಲಿನ ಹೆಚ್ಚುಕಡಿಮೆ ನೂರಕ್ಕೆ ಎಂಬತ್ತು ಜನ ಅಂಥ ಮನೆಗಳಲ್ಲಿದ್ದಾರೆ. ವಿಯೆನ್ನಾ ನಗರಾಡಳಿತ 1920ರ ದಶಕದಲ್ಲಿ ದೊಡ್ಡ ಪ್ರಮಾಣದಲ್ಲಿ ಕಟ್ಟಲು ತೊಡಗಿ ಇಂದು ಎರಡು ಲಕ್ಷಕ್ಕೂ ಹೆಚ್ಚು ಬಾಡಿಗೆ ಮನೆಗಳನ್ನು ತನ್ನ ಕೈಯಲ್ಲೇ ಉಳಿಸಿಕೊಂಡಿದೆ. ಆ ಊರುಗಳ ರಾಜಕೀಯವೂ ಅಳತೆಯೂ ಬೇರೆ ಎಂಬುದು ನನಗೆ ಗೊತ್ತು. ಆದರೆ ನೆಲವನ್ನು ಮಾರದೆ ಮನೆಯನ್ನು ಕೊಡಬಹುದು ಎಂಬ ವಿಚಾರಕ್ಕೆ ಊರಿನ ಹಂಗಿಲ್ಲ.

ನಮ್ಮಲ್ಲಿಗೆ ಹತ್ತಿರದ ಪಾಠ ಮುಂಬೈಯದು. ಬಟ್ಟೆ ಗಿರಣಿಗಳ ಜಮೀನನ್ನು ಮೂರು ಪಾಲು ಮಾಡಿ ಒಂದನ್ನು ಬಯಲಿಗೆ, ಒಂದನ್ನು ಸಾರ್ವಜನಿಕ ವಸತಿಗೆ ಬಿಡಬೇಕೆಂಬ ನಿಯಮ 1991ರಲ್ಲಿ ಬಂತು. 2001ರ ತಿದ್ದುಪಡಿ ಆ ಲೆಕ್ಕವನ್ನು ಕಟ್ಟಡವಿಲ್ಲದ ಖಾಲಿ ನೆಲಕ್ಕೆ ಮಾತ್ರ ಸೀಮಿತಗೊಳಿಸಿತು. 2006ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಒಂದು ತಿದ್ದುಪಡಿಯಿಂದ ನೂರಾರು ಎಕರೆಯ ಪಾಲುಪಟ್ಟಿಯೇ ಬದಲಾಯಿತು.

ಸರ್ಕಾರಕ್ಕೆ ಹಣ ಬೇಕು, ಹರಾಜು ಹಾಕಿದರೆ ತಪ್ಪೇನು ಎಂದು ಆಪ್ತರೊಬ್ಬರು ಕೇಳುತ್ತಾರೆ. ಕೇಂದ್ರವೂ 2022ರಲ್ಲಿ ಸರ್ಕಾರಿ ಸಂಸ್ಥೆಗಳ ಹೆಚ್ಚುವರಿ ಭೂಮಿಯನ್ನು ನಗದಾಗಿಸಲೆಂದೇ ಒಂದು ನಿಗಮಕ್ಕೆ ಒಪ್ಪಿಗೆ ನೀಡಿತು. ಹರಾಜಿನ ಹಣ ಒಂದು ಬಜೆಟ್ಟಿನಲ್ಲಿ ಕರಗುತ್ತದೆ. ಆ ಮೇಲೆ ಬಡವರಿಗೆ ಮನೆ ಬೇಕಾದಾಗ ಸರ್ಕಾರ ಆನೇಕಲ್ಲಿನ ಆಚೆ, ಯಲಹಂಕದ ಆಚೆ ಜಾಗ ಹುಡುಕಬೇಕಾಗುತ್ತದೆ, ಅಲ್ಲಿಗೆ ನೀರು, ರಸ್ತೆ, ಬಸ್ಸು, ಶಾಲೆ ಒಯ್ಯುವ ಖರ್ಚು ಮತ್ತೆ ನಮ್ಮ ತೆರಿಗೆಯಿಂದಲೇ ಹೋಗುತ್ತದೆ.

ಖಾಲಿ ಕಾಣುವುದೆಲ್ಲ ಹೆಚ್ಚುವರಿಯಲ್ಲ ಎಂಬುದನ್ನೂ ಹೇಳಲೇಬೇಕು. ಕೆರೆಯಂಗಳ, ರಾಜಕಾಲುವೆ, ಗೋಮಾಳ, ಮರ ತುಂಬಿದ ಹಳೆಯ ಕಾರ್ಖಾನೆಯ ಆವರಣ, ಇವನ್ನು ಬಡವರ ಹೆಸರಿನಲ್ಲಿ ಮುಟ್ಟಬಾರದು. ಕೆರೆಯಂಗಳದಲ್ಲಿ ಮನೆ ಕೊಟ್ಟರೆ ಮೊದಲ ದೊಡ್ಡ ಮಳೆಗೆ ನೀರು ನುಗ್ಗುವುದು ಆ ಮನೆಗೇ.

ಆದ್ದರಿಂದ ಯಾವ ಇಲಾಖೆ, ಯಾವ ನಿಗಮದ ಬಳಿ, ಯಾವ ಸರ್ವೆ ನಂಬರಿನಲ್ಲಿ, ಎಷ್ಟು ಗುಂಟೆ ಬಳಕೆಯಿಲ್ಲದೆ ಬಿದ್ದಿದೆ ಎಂಬ ಪಟ್ಟಿ ವಾರ್ಡ್ ಕಚೇರಿಯ ಗೋಡೆಯ ಮೇಲೆ ಕನ್ನಡದಲ್ಲಿ ಅಂಟಬೇಕು. ಆ ನೆಲದಲ್ಲಿ ಕಟ್ಟಿದ ಮನೆಗಳನ್ನು ಕ್ರಯಪತ್ರಕ್ಕೆ ಬದಲು ದೀರ್ಘಾವಧಿ ಗುತ್ತಿಗೆಗೆ ಕೊಡಬೇಕು. ಕಷ್ಟ ಬಂದಾಗ ಹಕ್ಕುಪತ್ರವನ್ನು ಅಗ್ಗಕ್ಕೆ ಬಿಟ್ಟುಕೊಡುವ ಒತ್ತಡ ಆಗ ಆ ಕುಟುಂಬದ ಮೇಲೆ ಬೀಳುವುದಿಲ್ಲ. ಮರುನಿರ್ಮಾಣ ನಡೆಯುವಾಗ, ಹೆಸರು ಹಂಚಿಕೆಪಟ್ಟಿಯಲ್ಲಿ ಇರಲಿ ಬಿಡಲಿ, ಆ ದಿನ ಅಲ್ಲಿ ಒಲೆ ಹಚ್ಚುತ್ತಿರುವ ಪ್ರತಿ ಕುಟುಂಬವನ್ನೂ ಮೊದಲು ಎಣಿಸಿ, ಉಳಿಯಲು ಜಾಗ ತೋರಿಸಿ, ಆಮೇಲಷ್ಟೇ ಜೆಸಿಬಿ ಕರೆಯಬೇಕು.