ಅನ್‌ಲಿಮಿಟೆಡ್ ಮಿತಾಹಾರ

ದೇವನಹಳ್ಳಿ ದಾಟಿ ಚಿಕ್ಕಬಳ್ಳಾಪುರದ ಕಡೆ ಹೊರಟರೆ ಮೊದಲೆಲ್ಲ ಹೆದ್ದಾರಿ ಪಕ್ಕದಲ್ಲಿ ದ್ರಾಕ್ಷಿ ಮಾರುವವರು ಸಿಗುತ್ತಿದ್ದರು. ಈಗಲೂ ಸಿಗುತ್ತಾರೆ. ಆದರೆ ಅವರ ತಲೆ ಮೇಲೆ ಬೋರ್ಡುಗಳು ಎದ್ದಿವೆ. ಸಾತ್ವಿಕ ಊಟ, ಯೋಗಿಕ್ ಥಾಲಿ, ಪ್ರಾಣಿಕ್ ಬ್ರೇಕ್‌ಫಾಸ್ಟ್. ವಾರದ ಕೊನೆಗೆ ಬೆಂಗಳೂರಿನಿಂದ ಬರುವವರಿಗೆ ಬರೀ ಬೆಟ್ಟ ಸಾಲುತ್ತಿಲ್ಲ. ಜೊತೆಗೆ ಸ್ವಲ್ಪ ಮೋಕ್ಷವೂ ಬೇಕು, ಅದೂ ಪಾರ್ಕಿಂಗ್ ಸಮೇತ. ಈ ಬೋರ್ಡುಗಳಲ್ಲಿ ನನಗೆ ಬಹಳ ಹಿಡಿಸಿದ್ದು 'ಅನ್‌ಲಿಮಿಟೆಡ್ ಸಾತ್ವಿಕ ಥಾಲಿ'. ಪಕ್ಕದಲ್ಲೇ ಪದ್ಮಾಸನ ಹಾಕಿ ಕಣ್ಣು ಮುಚ್ಚಿ ಕೂತವರ ಚಿತ್ರ. ಅನ್‌ಲಿಮಿಟೆಡ್ ಉಂಡ ಮೇಲೆ ಯಾರ ಕಣ್ಣಾದರೂ ತಾನಾಗಿ ಮುಚ್ಚುತ್ತದೆ, ಅದಕ್ಕೆ ಗುರುಗಳೇ ಬೇಕಾ?

ಯೋಗದ ಹಳೇ ಪುಸ್ತಕಗಳಿಗೆ ಈ ಸ್ಕೀಮು ಗೊತ್ತಿರಲಿಲ್ಲ. ಹದಿನೈದನೇ ಶತಮಾನದ ಹಠಯೋಗ ಪ್ರದೀಪಿಕೆಯಲ್ಲಿ ಸ್ವಾತ್ಮಾರಾಮ ಮಿತಾಹಾರ ಅಂದರೇನು ಅಂತ ಹೇಳಿ ಮುಗಿಸಿದ್ದಾನೆ. ಊಟ ಸಿಹಿಯಾಗಿ, ಜಿಡ್ಡಾಗಿ ಇರಲಿ, ಹೊಟ್ಟೆಯ ಕಾಲು ಭಾಗ ಖಾಲಿ ಇರಲಿ. ಗೀತೆಯ ಆರನೇ ಅಧ್ಯಾಯವೂ ಅದನ್ನೇ ಹೇಳುತ್ತದೆ. ಜಾಸ್ತಿ ತಿನ್ನುವವನಿಗೂ ಯೋಗ ಇಲ್ಲ, ಏನೂ ತಿನ್ನದವನಿಗೂ ಇಲ್ಲ. ಇಷ್ಟೇ ವಿಷಯ. ಆದರೆ ಹೋಟೆಲಿನವರ ಕಷ್ಟವನ್ನೂ ನೋಡಬೇಕಲ್ವಾ? ಆ ಖಾಲಿ ಕಾಲು ಭಾಗಕ್ಕೆ ಬಿಲ್ ಹಾಕುವುದು ಹೇಗೆ? ನಾನು ಕೌಂಟರಿನಲ್ಲಿ ಕೇಳಿಯೇಬಿಟ್ಟೆ. ಕಾಲು ಹೊಟ್ಟೆ ಖಾಲಿ ಬಿಟ್ಟು ಎದ್ದರೆ ಬಿಲ್ಲಿನಲ್ಲೂ ಕಾಲು ಭಾಗ ಬಿಡ್ತೀರಾ ಅಂತ. ಹುಡುಗ ತಲೆ ಎತ್ತದೆ ಹೇಳಿದ: "ಹೊಟ್ಟೇಲಿ ಬಿಟ್ರೆ ಏನೂ ಇಲ್ಲ ಸಾರ್. ಪ್ಲೇಟಲ್ಲಿ ಬಿಟ್ರೆ 100 ರೂಪಾಯಿ ಫೈನ್."

ಈ ಸಾತ್ವಿಕ ಲೋಕದಲ್ಲಿ ದೊಡ್ಡ ಆರೋಪಿಗಳು ಈರುಳ್ಳಿ, ಬೆಳ್ಳುಳ್ಳಿ. ಬೋರ್ಡಿನಲ್ಲಿ ಇವೆರಡರ ಮೇಲೂ ಕೆಂಪು ಬಣ್ಣದಲ್ಲಿ ಗೀಟು ಹಾಕಿರುತ್ತಾರೆ. ಗೀತೆಯ ಹದಿನೇಳನೇ ಅಧ್ಯಾಯದಲ್ಲಿ ಸಾತ್ವಿಕ, ರಾಜಸ, ತಾಮಸ ಅಂತ ಮೂರು ಬಗೆಯ ಊಟದ ಮಾತು ಬರುತ್ತದೆ, ಅಲ್ಲಿ ಇವುಗಳ ಹೆಸರೇ ಇಲ್ಲ. ಪ್ರದೀಪಿಕೆಯ ಬೇಡದ ಪಟ್ಟಿಯಲ್ಲಿ ಬೆಳ್ಳುಳ್ಳಿ ಇದೆ, ಒಪ್ಪಿಕೊಳ್ಳೋಣ. ಆದರೆ ಆ ಪಟ್ಟಿಯಲ್ಲಿ ಬೆಳ್ಳುಳ್ಳಿಯ ಪಕ್ಕದ ಮನೆಯಲ್ಲೇ ಕೂತಿರುವುದು ಇಂಗು. ಸ್ವಲ್ಪ ಹಿಂದೆ ಹೋದರೆ ಎಣ್ಣೆ, ಎಳ್ಳು, ಸಾಸಿವೆ, ಮೊಸರು, ಮಜ್ಜಿಗೆ, ಹುರುಳಿ. ಈಗ ಸಾತ್ವಿಕ ಥಾಲಿಯ ಅಡುಗೆಮನೆಗೆ ಬನ್ನಿ. ಬಾಣಲೆಗೆ ಎಣ್ಣೆ ಬಿತ್ತು, ಸಾಸಿವೆ ಸಿಡಿಯಿತು, ಮೇಲೆ ಚಿಟಿಕೆ ಇಂಗು. ಒಗ್ಗರಣೆ ಮುಗಿಯುವುದರೊಳಗೆ ಮೂರು ತಪ್ಪು. ಕೊನೆಗೆ ಮೊಸರನ್ನ ಬೇರೆ. ಪುಣ್ಯಕ್ಕೆ ಪಟ್ಟಿಯನ್ನು ಬೆಳ್ಳುಳ್ಳಿ ಸಿಗುವವರೆಗೆ ಮಾತ್ರ ಓದಿ ಪುಸ್ತಕ ಮುಚ್ಚಿದ್ದಾರೆ.

ಇಂಗಿನ ವಿಷಯ ಬಂದಿದ್ದಕ್ಕೆ ಇನ್ನೊಂದು ಮಾತು. ಅದು ಬರುವುದು ಹೆಚ್ಚಾಗಿ ಅಫ್ಘಾನಿಸ್ತಾನ, ಇರಾನಿನಿಂದ. ಅಲ್ಲಿಯ ಗಿಡದ ಬೇರಿನ ಅಂಟನ್ನು ಇಲ್ಲಿ ಹಿಟ್ಟಿನ ಜೊತೆ ಬೆರೆಸಿ ಡಬ್ಬಿಗೆ ತುಂಬುತ್ತಾರೆ. ಅದರ ಘಾಟಿಗೂ ಬೆಳ್ಳುಳ್ಳಿಯ ಘಾಟಿಗೂ ಕಾರಣ ಗಂಧಕದ ಅಂಶವೇ. ಬೆಳ್ಳುಳ್ಳಿ ಬಿಟ್ಟವರು ಇಂಗನ್ನು ಹಿಡಿದುಕೊಂಡಿದ್ದು ಸುಮ್ನೆ ಅಲ್ಲ. ಇತ್ತ ಚಿಕ್ಕಬಳ್ಳಾಪುರ, ಕೋಲಾರದ ಹೊಲಗಳಲ್ಲಿ ಬೆಂಗಳೂರು ಗುಲಾಬಿ ಈರುಳ್ಳಿ ಬೆಳೆಯುತ್ತದೆ. ಭೌಗೋಳಿಕ ಗುರುತು, ಅಂದರೆ ಜಿಐ ಟ್ಯಾಗ್ ಪಡೆದ ಬೆಳೆ. ಬಹುಪಾಲು ಮಲೇಷ್ಯಾ, ಸಿಂಗಪುರದ ಕಡೆ ಹೋಗುತ್ತದೆ. ಅಂದರೆ ನಮ್ಮ ಹೊಲದ್ದು ತಾಮಸ ಅನ್ನಿಸಿಕೊಂಡು ಹಡಗು ಹತ್ತುತ್ತದೆ, ಕಾಬೂಲ್ ಕಡೆಯದ್ದು ಸಾತ್ವಿಕ ಅನ್ನಿಸಿಕೊಂಡು ಒಗ್ಗರಣೆಗೆ ಇಳಿಯುತ್ತದೆ. ಎಲ್ಲಕ್ಕೂ ಪಾಸ್‌ಪೋರ್ಟ್ ಮುಖ್ಯ.

ಊಟ ಮುಗಿಸಿ ಹೊರಗೆ ಬಂದರೆ ಅಲ್ಲೇ ಒಂದು ಅಂಗಡಿ. 'ಸಾತ್ವಿಕ ಕಿಚಡಿ, ಬಿಸಿನೀರು ಹಾಕಿದರೆ ಸಾಕು'. ಪೊಟ್ಟಣ ತಿರುಗಿಸಿ ನೋಡಿದೆ. ತಯಾರಾದ ದಿನದಿಂದ ಒಂಬತ್ತು ತಿಂಗಳು ಇಡಬಹುದಂತೆ. ಗೀತೆಯಲ್ಲಿ ತಾಮಸ ಊಟದ ಮೊದಲ ಗುರುತೇ ಬೇಯಿಸಿ ಹೊತ್ತಾಗಿರುವುದು. ಒಂದು ಯಾಮ, ಅಂದರೆ ಮೂರು ಗಂಟೆ ದಾಟಿದ್ದು ಅಂತ ಅದಕ್ಕೆ ಅರ್ಥ ಹೇಳುತ್ತಾರೆ. ಮೂರು ಗಂಟೆಗೆ ಕೆಟ್ಟು ಹೋಗುವ ಸತ್ವವನ್ನು ಒಂಬತ್ತು ತಿಂಗಳು ಕಾಪಾಡಿದ ಕಂಪನಿಗೆ ಯಾವ ಸಿದ್ಧಿ ಬಂದಿದೆಯೋ! ಅದರ ಪಕ್ಕದ ಶೀಷೆಯಲ್ಲಿ 'ಫರ್ಮೆಂಟೆಡ್ ಮಿಲೆಟ್ ಡ್ರಿಂಕ್'. ನೋಡಿದರೆ ನಮ್ಮ ರಾಗಿ ಅಂಬಲಿ. ರಾತ್ರಿ ಮಾಡಿಟ್ಟು ಬೆಳಿಗ್ಗೆ ಮಜ್ಜಿಗೆ ಬೆರೆಸಿ ಕುಡಿದರೆ ತಂಗಳು, ಮುಚ್ಚಳ ಹಾಕಿ 180 ರೂಪಾಯಿ ಬರೆದರೆ ಅಧ್ಯಾತ್ಮ.

ರಾಗಿಗೆ ಈ ಬಡ್ತಿ ಸಿಕ್ಕಿದ್ದು ಇತ್ತೀಚೆಗೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷ ಅಂತ ಕರೆದ ಮೇಲೆ ಮುದ್ದೆಯನ್ನು ಕಂಡರೆ ಮುಖ ಸಿಂಡರಿಸುತ್ತಿದ್ದವರೂ ಅದರ ಜೊತೆ ಸೆಲ್ಫಿ ತೆಗೆಯತೊಡಗಿದರು. ನಂದಿ ಬೆಟ್ಟದ ತಪ್ಪಲಿನ ಒಂದು ರೆಸಾರ್ಟಿನಲ್ಲಿ ಧ್ಯಾನ ಶಿಬಿರ ನಡೆಯುವಾಗ ಇದರ ಪೂರ್ತಿ ವೈಭವ ನೋಡಿದೆ. ಹಿರಿಯರು ನಂದಿಯಲ್ಲಿ ಕೆಲಸವನ್ನು ಸರಿಯಾಗಿ ಹಂಚಿಟ್ಟಿದ್ದರು. ಕೆಳಗೆ ಊರಲ್ಲಿ ಭೋಗನಂದೀಶ್ವರ, ಮೇಲೆ ಬೆಟ್ಟದಲ್ಲಿ ಯೋಗನಂದೀಶ್ವರ. ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದರೆ ಬೆವರು ಸುರಿಸಿ ಹತ್ತಬೇಕಿತ್ತು. ರೆಸಾರ್ಟಿನವರು ಎರಡನ್ನೂ ಒಂದೇ ಹಾಲಿನಲ್ಲಿ, ಎಸಿ ಹಾಕಿ ಕೂರಿಸಿದ್ದರು.

ಅಲ್ಲಿ 'ಮೈಂಡ್‌ಫುಲ್ ಈಟಿಂಗ್' ಅಂತ ಒಂದು ಪಾಠ. ಬಿಳಿ ಬಟ್ಟೆ ತೊಟ್ಟ ಹುಡುಗಿ ಮೆಲ್ಲಗೆ, ಬಹಳ ಮೆಲ್ಲಗೆ ಹೇಳಿದಳು: ಪ್ರತಿ ತುತ್ತನ್ನೂ 32 ಸಲ ಜಗಿಯಿರಿ, ಊಟದ ಜೊತೆ ಸಂವಾದ ಮಾಡಿ. ಎಲ್ಲರ ಮುಂದೆ ಗಾಜಿನ ಬಟ್ಟಲು ಬಂತು. ಬಟ್ಟಲಲ್ಲಿ ನೆಲ್ಲಿಕಾಯಿ ಗಾತ್ರದ ರಾಗಿ ಮುದ್ದೆ, ತಲೆ ಮೇಲೆ ಒಂದು ಪುದೀನ ಎಲೆ. ನನ್ನ ಪಕ್ಕದ ಐಟಿ ಯುವಕ ಶ್ರದ್ಧೆಯಿಂದ ಬಾಯಿಗೆ ಹಾಕಿಕೊಂಡು ಎಣಿಸತೊಡಗಿದ. ಹತ್ತರವರೆಗೆ ಚೆನ್ನಾಗಿಯೇ ಹೋಯಿತು. ಆಮೇಲೆ ದವಡೆ ನಿಧಾನವಾಯಿತು. ಹದಿನೈದಕ್ಕೆ ಮೇಲಿನ ಹಲ್ಲು ಕೆಳಗಿನ ಹಲ್ಲನ್ನು ಬಿಡಲೊಲ್ಲದು. ಸಂವಾದ ಮಾಡಲು ಬಾಯಿ ತೆರೆಯಬೇಕಲ್ಲ, ಬಾಯಿಯೇ ಅಂಟಿತ್ತು. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅಡುಗೆ ಅಕ್ಕನಿಗೆ ತಡೆಯಲಾಗಲಿಲ್ಲ. "ಅಯ್ಯೋ, ಮುದ್ದೇನ ಯಾರಾದ್ರೂ ಅಗೀತಾರಾ ಸಾರ್? ಸಾರಲ್ಲಿ ಅದ್ದಿ ನುಂಗ್ಬಿಡಿ, ತಾನೇ ಇಳೀತದೆ." ಹುಡುಗಿ ಮೌನ ಮೌನ ಅಂತ ಕೈ ತೋರಿಸಿದಳು. ಯುವಕ ಹೇಗೂ ಮೌನದಲ್ಲೇ ಇದ್ದ.

ನುಂಗೋಣ ಅಂದರೆ ಸಾರೆಲ್ಲಿ? ಬಟ್ಟಲಿನ ಕೆಳಗೆ ಹಸಿರು ಬಣ್ಣದ ಎರಡು ಚಮಚ ಏನೋ ಇತ್ತು. ನಿಜವಾದ ಸಾರು ಅಡುಗೆಮನೆಯ ಹಿಂದೆ ಇತ್ತು. ಮಧ್ಯಾಹ್ನ ಮೂರು ಗಂಟೆಗೆ, ಶಿಬಿರದವರೆಲ್ಲ 'ಯೋಗನಿದ್ರೆ'ಗೆ ಹೋದ ಮೇಲೆ, ಕೆಲಸದವರು ಉಣ್ಣಲು ಕೂತರು. ಉಪ್ಸಾರು. ಹುರುಳಿಕಾಳು ಬೇಯಿಸಿ ಉಪ್ಪು ಹಾಕಿ ಬಸಿದ ನೀರು, ಅದಕ್ಕೆ ಕಲಸಿಕೊಳ್ಳಲು ಖಾರ. ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಸೆಹಣ್ಣು ಎಲ್ಲ ಸೇರಿಸಿ ರುಬ್ಬಿದ್ದು. ಆ ವಾಸನೆಗೇ ಹಸಿವಾಗುತ್ತದೆ. ಈಗ ಗೀತೆಯ ರಾಜಸ ಪಟ್ಟಿ ತೆಗೆಯಿರಿ. ಖಾರ, ಹುಳಿ, ಉಪ್ಪು, ಸುಡುವ ಬಿಸಿ. ಎಲ್ಲಕ್ಕೂ ಟಿಕ್. ಪ್ರದೀಪಿಕೆಯ ಪಟ್ಟಿಗೆ ಬಂದರೆ ಹುರುಳಿಗೊಂದು, ಬೆಳ್ಳುಳ್ಳಿಗೊಂದು ಟಿಕ್. ಒಂದೇ ಬಟ್ಟಲಲ್ಲಿ ಇಷ್ಟು ಅಪರಾಧ ಒಟ್ಟು ಮಾಡಿದ್ದು ನಮ್ಮ ಬಯಲುಸೀಮೆಯ ಹೆಗ್ಗಳಿಕೆ ಅಂತಲೇ ಹೇಳಬೇಕು. ಈ ರಾಜಸ ಊಟ ಉಂಡವರು ಎದ್ದು ಹೋಗಿ, ಸಾತ್ವಿಕರು ಬಿಟ್ಟು ಮಲಗಿದ್ದ ಯೋಗಾ ಮ್ಯಾಟುಗಳನ್ನೆಲ್ಲ ಒರೆಸಿ ಸುತ್ತಿಟ್ಟರು.

ಹಗುರವಾಗಿ ಉಂಡರೆ ಕೂರುವುದು ಸುಲಭ, ಅದರಲ್ಲಿ ಸುಳ್ಳೇನಿಲ್ಲ. ಬೆಳ್ಳುಳ್ಳಿ ಬಿಟ್ಟವರ ಮೇಲೂ ನನಗೆ ತಕರಾರಿಲ್ಲ, ಅವರ ಪಾಲಿನದನ್ನು ನಾನು ತಿನ್ನುತ್ತೇನೆ. ತಾವು ಬಿಟ್ಟದ್ದನ್ನು ಪಕ್ಕದವರ ತಟ್ಟೆಯಿಂದಲೂ ಎತ್ತಲು ಬರುವವರ ವಿಷಯ ಬೇರೆ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಹೊರಟಾಗ ಎಷ್ಟು ಗಲಾಟೆ ಆಯಿತು ನೆನಪಿದೆಯಾ? ಮಕ್ಕಳಲ್ಲಿ ಅಪೌಷ್ಟಿಕತೆ ಜಾಸ್ತಿ ಇದೆ ಅನ್ನುವುದು ಸರ್ಕಾರ ಕೊಟ್ಟ ಕಾರಣ. ತಿನ್ನದವರಿಗೆ ಬಾಳೆಹಣ್ಣು ಅಂತಲೂ ಹೇಳಿತ್ತು. ಆದರೂ ಕೆಲವು ಮಠಾಧೀಶರು ಶಾಲೆಯಲ್ಲಿ ಮೊಟ್ಟೆ ಬೇಡವೇ ಬೇಡ ಅಂದರು. ಎಂಟು ವರ್ಷದ ಹುಡುಗನ ತೂಕದ ಬಗ್ಗೆ ಯಾರೂ ಕೇಳಲಿಲ್ಲ, ಅವನ ಕುಂಡಲಿನಿಯ ಬಗ್ಗೆ ಎಲ್ಲರಿಗೂ ಚಿಂತೆ. ಆಮೇಲೆ ಮೊಟ್ಟೆ ರಾಜ್ಯದ ಉಳಿದ ಶಾಲೆಗಳಿಗೂ ಬಂತು. ಮಕ್ಕಳು ತಿಂದು ಆಡಲು ಓಡಿದರು. ಯಾರ ಚಕ್ರವೂ ಹಿಂದಕ್ಕೆ ತಿರುಗಿದ ವರದಿ ಇಲ್ಲ.

ಮೊಟ್ಟೆಯಲ್ಲಿ ಜೀವ ಇದೆ, ಹಿಂಸೆ ಬೇಡ ಅನ್ನುವವರು ಒಂದು ಸಲ ಶಿಡ್ಲಘಟ್ಟಕ್ಕೆ ಬಂದು ಹೋಗಬೇಕು. ರೇಷ್ಮೆ ಗೂಡು ಬಿಚ್ಚುವ ಕಡೆ ನಿಂತರೆ ಬಿಸಿನೀರಿನ ತೊಟ್ಟಿಯಲ್ಲಿ ಗೂಡುಗಳು ಕುಣಿಯುತ್ತಿರುತ್ತವೆ. ನೂಲು ಮೇಲಕ್ಕೆ ಹೋಗುತ್ತದೆ, ಹುಳ ಕೆಳಗೆ ಉಳಿಯುತ್ತದೆ. ಆ ವಾಸನೆ ಒಂದು ಸಲ ಮೂಗಿಗೆ ಹೊಡೆದರೆ ಮಧ್ಯಾಹ್ನದ ಊಟ ಮಿತವಾಗುವುದು ಗ್ಯಾರಂಟಿ. ಅದೇ ನೂಲಿನ ಶಲ್ಯ ಹೊದ್ದು, ಅದೇ ನೂಲಿನ ಮಡಿ ಉಟ್ಟು ಅಹಿಂಸೆಯ ಭಾಷಣ ಬರುತ್ತದೆ. ಬೇಯಿಸಿದ್ದನ್ನು ತಿನ್ನಬಾರದು, ಉಡಬಹುದು ಅಂತ ಕಾಣುತ್ತದೆ.

ಇನ್ನು ನೀರು. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಬೋರ್‌ವೆಲ್ ಸಾವಿರ ಅಡಿ ದಾಟಿದರೂ ಎಷ್ಟೋ ಕಡೆ ಬರುವುದು ಬರೀ ಪುಡಿ. ಹಾಗಾಗಿ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧ ಮಾಡಿ ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯಲ್ಲಿ ಇಲ್ಲಿಯ ಕೆರೆಗಳಿಗೆ ತುಂಬಿಸುತ್ತಾರೆ. ಮೂರನೇ ಹಂತವೂ ಆಗಲಿ ಅಂತ ಇಲ್ಲಿಯ ಜನ ಕೇಳುತ್ತಲೇ ಇದ್ದಾರೆ. ಕೆರೆಯ ನೀರು ಇಂಗುತ್ತದೆ, ಬಾವಿಗೆ ಬರುತ್ತದೆ, ತರಕಾರಿಗೆ ಹೋಗುತ್ತದೆ, ತರಕಾರಿ ಸಾತ್ವಿಕ ಥಾಲಿಗೆ ಬರುತ್ತದೆ. ಬೆಂಗಳೂರಿನ ಅತಿಥಿಗಳು ಕಣ್ಣು ಮುಚ್ಚಿ ಆಹಾ ಎಷ್ಟು ಶುದ್ಧ ಅನ್ನುತ್ತಾರೆ. ಮಾಡಿದ್ದು ತಿರುಗಿ ಬರುತ್ತದೆ ಅನ್ನುವ ಕರ್ಮದ ಪಾಠವನ್ನು ಇಷ್ಟು ರುಚಿಯಾಗಿ ಇನ್ಯಾರು ಹೇಳಿಕೊಡುತ್ತಾರೆ?

ರೆಸಾರ್ಟಿನವರಿಗೆ ನನ್ನದೊಂದು ಹೊಸ ಪ್ಯಾಕೇಜ್ ಇದೆ, ಬೇಕಾದರೆ ಬಿಟ್ಟಿ ತಗೊಳ್ಳಲಿ. ಹೆಸರು 'ತ್ರೀ-ಫೇಸ್ ಧ್ಯಾನ'. ಜಾಗ ಯಾವುದಾದರೂ ಟೊಮೆಟೊ ತೋಟದ ಬದು. ಪಂಪ್‌ಸೆಟ್ಟಿಗೆ ಬೇಕಾದ ತ್ರೀ-ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬರುತ್ತದೆ, ಹನ್ನೊಂದಕ್ಕೂ ಬರಬಹುದು, ಎರಡಕ್ಕೂ ಬರಬಹುದು. ಅಲ್ಲಿಯವರೆಗೆ ಸ್ಟಾರ್ಟರ್ ಪೆಟ್ಟಿಗೆಯ ದೀಪದ ಮೇಲೆ ದೃಷ್ಟಿ ಇಟ್ಟು ಕೂರಬೇಕು. ಮಾತಿಲ್ಲ, ಕತೆಯಿಲ್ಲ. ಊಟ ಮನೆಯಿಂದ ಕಟ್ಟಿಕೊಂಡು ಬಂದ ಒಂದು ಮುದ್ದೆ, ತಣ್ಣಗಿನ ಸಾರು. ಸೊಳ್ಳೆಗಳು ಉಚಿತ. ಬೆಳಿಗ್ಗೆ ಕ್ರೇಟುಗಳನ್ನು ಹೊತ್ತು ಗಾಡಿಗೆ ತುಂಬಿದರೆ ಆಸನವೂ ಆಯಿತು. ಬೇರೆ ಶಿಬಿರಗಳಲ್ಲಿ ಮೊಬೈಲನ್ನು ಬಾಗಿಲಲ್ಲೇ ಕಿತ್ತುಕೊಳ್ಳುತ್ತಾರಂತೆ. ಇಲ್ಲಿ ಅದು ಕೈಯಲ್ಲೇ ಇರಲಿ. ಬದುವಿನಲ್ಲಿ ಹಾವು ಓಡಾಡುತ್ತವೆ, ಟಾರ್ಚ್ ಬೇಕಾಗುತ್ತದೆ.